ಗೋಧಿಯ ಅಂಟಿಲ್ಲದ ಬ್ರೆಡ್ಡು: ಮನೆಯಲ್ಲಿ ತಯಾರಿಸುವ ಬಗೆ

ಅನ್ನವು ಪ್ರಾಣಾಧಾರವೆಂಬುದನ್ನು ಎಲ್ಲರೂ ಬಲ್ಲರು. ಆದರೆ ಬಹುಜನರಿಗೆ ಹಿತವಾದ ಆಹಾರವು ಕೆಲವರ ದೇಹಕ್ಕೆ ಅಹಿತವಾಗುವುದೂ ಉಂಟು. ಚಪಾತಿ, ಹುಗ್ಗಿ, ಉಪ್ಪಿಟ್ಟು, ಶಾವಿಗೆ, ಹೋಳಿಗೆಗಳ ರೂಪದಲ್ಲಿ ನಮ್ಮ ಮನೆಗಳಲ್ಲಿ ನಿತ್ಯವೂ ಬಳಕೆಯಾಗುವ ಗೋಧಿಯು ಅಂಥದೊಂದು ಧಾನ್ಯ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟನ್ನು ದೇಹವು ಸಹಿಸಲಾರದ ಸ್ಥಿತಿಗೆ ವೈದ್ಯರು ಸೀಲಿಯಾಕ್ ಕಾಯಿಲೆ ಎಂದು ಹೆಸರಿಟ್ಟಿದ್ದಾರೆ. ಜೀವನಪರ್ಯಂತ ಗ್ಲುಟೆನ್ನನ್ನು ಪೂರ್ಣವಾಗಿ ತ್ಯಜಿಸುವುದೇ ಇದರ ಚಿಕಿತ್ಸೆ. ಈ ಚಿಕಿತ್ಸೆಯ ಭಾರವೆಲ್ಲ ಅಡುಗೆ ಮಾಡುವವರ ಮೇಲೆಯೇ ಬೀಳುತ್ತದೆ. ಆದುದರಿಂದ ಆ ಕಾಯಿಲೆಯ ಸ್ವರೂಪವನ್ನೂ, ಅಂಥವರಿಗಾಗಿ ಜೋಳದ ಹಿಟ್ಟಿನಿಂದ ಮನೆಯಲ್ಲಿಯೇ ಬ್ರೆಡ್ಡು ತಯಾರಿಸುವ ಕ್ರಮವನ್ನೂ ಈ ಲೇಖನದಲ್ಲಿ ತಿಳಿಯೋಣ.

ಕಾಯಿಲೆಯ ಸ್ವರೂಪ

ನಮ್ಮ ಸಣ್ಣ ಕರುಳಿನ ಒಳಗೋಡೆಯಲ್ಲಿ ಬೆರಳಿನಾಕಾರದ ಅಸಂಖ್ಯ ಸೂಕ್ಷ್ಮ ಚಾಚುಗಳಿವೆ. ಜೀರ್ಣವಾದ ಆಹಾರದ ಸಾರವನ್ನು ಹೀರಿ ರಕ್ತಕ್ಕೆ ಸೇರಿಸುವುದು ಅವುಗಳ ಕೆಲಸ. ಸೀಲಿಯಾಕ್ ಕಾಯಿಲೆಯುಳ್ಳವರು ಗ್ಲುಟೆನ್ ಸೇವಿಸಿದಾಗ ದೇಹದ ರೋಗನಿರೋಧಕ ವ್ಯವಸ್ಥೆಯು ತನ್ನದೇ ಕರುಳಿನ ಮೇಲೆ ಎರಗುತ್ತದೆ. ಚಾಚುಗಳು ಕ್ರಮೇಣ ಸವೆದು ಚಪ್ಪಟೆಯಾಗುತ್ತವೆ. ಆಗ ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗುತ್ತದೆ. ಹೊಟ್ಟೆಯುಬ್ಬರ, ಪದೇ ಪದೇ ಭೇದಿ, ಸಿಡುಕುತನ ಕಾಣಿಸುತ್ತವೆ. ದೊಡ್ಡವರಲ್ಲಿ ಭೇದಿಯೇ ಇಲ್ಲದೆ, ಕಬ್ಬಿಣಾಂಶದ ಮಾತ್ರೆಗೂ ಬಗ್ಗದ ರಕ್ತಹೀನತೆ, ಆಯಾಸ, ಮೂಳೆಗಳ ದೌರ್ಬಲ್ಯ, ಬಾಯಿಹುಣ್ಣು ಮಾತ್ರ ಕಾಣಿಸಬಹುದು. ಈ ಕಾರಣದಿಂದ ಎಷ್ಟೋ ಜನರಲ್ಲಿ ಕಾಯಿಲೆಯು ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುತ್ತದೆ.

ಗೋಧಿಗೂ ಈ ಕಾಯಿಲೆಗೂ ಇರುವ ನಂಟನ್ನು ಸಾಧಿಸಿ ತೋರಿಸಿದವರು ನೆದರ್‌ಲ್ಯಾಂಡ್ಸಿನ ಮಕ್ಕಳ ವೈದ್ಯ ವಿಲೆಮ್ ಡಿಕ್ಕೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಆ ದೇಶದಲ್ಲಿ ಘೋರ ಕ್ಷಾಮ ತಲೆದೋರಿ ಬ್ರೆಡ್ಡು ಸಿಗದಂತಾಯಿತು. ಊರೆಲ್ಲ ಹಸಿವಿನಿಂದ ಸೊರಗುತ್ತಿದ್ದಾಗ ಸೀಲಿಯಾಕ್ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮರಳಿ ದೊರೆತಾಗ ಮತ್ತೆ ಹಾಸಿಗೆ ಹಿಡಿದರು. ಮೊದಲಿನಿಂದಲೂ ಗೋಧಿಯ ಮೇಲೆ ಸಂಶಯವಿದ್ದ ಡಿಕ್ಕೆಯವರು ತಮ್ಮ ಅಧ್ಯಯನವನ್ನು ಮುಂದುವರಿಸಿ, 1950ರಲ್ಲಿ ಪ್ರಬಂಧವನ್ನು ಮಂಡಿಸಿದರು. ಅದಾದ ಎರಡೇ ವರ್ಷಗಳಲ್ಲಿ, ಕೆಡುಕು ಗೋಧಿಯ ಪಿಷ್ಟದಲ್ಲಿಲ್ಲ, ಅದರ ಅಂಟಿನಲ್ಲಿದೆ ಎಂಬುದು ಖಚಿತವಾಯಿತು.

ನಮ್ಮ ದೇಶದಲ್ಲಿ ಗೋಧಿಯೇ ಮುಖ್ಯ ಆಹಾರವಾದ ಉತ್ತರದ ರಾಜ್ಯಗಳಲ್ಲಿ ಈ ಕಾಯಿಲೆ ಹೆಚ್ಚು, ದಕ್ಷಿಣದಲ್ಲಿ ವಿರಳ. ವಿರಳವೆಂದರೆ ಇಲ್ಲವೆಂದಲ್ಲ. ನಮ್ಮಲ್ಲಿ ಇದರ ನೆನಪೇ ಬಾರದಿರುವುದರಿಂದ ಪತ್ತೆ ಇನ್ನಷ್ಟು ತಡವಾಗುವ ಸಂಭವವಿದೆ.

ಗೋಧಿ ಬಿಡುವ ಮುನ್ನ ಪರೀಕ್ಷೆ

ಓದುಗರು ಮುಖ್ಯವಾಗಿ ಗಮನಿಸಬೇಕಾದ ಮಾತೊಂದಿದೆ. ಮೇಲೆ ಹೇಳಿದ ಲಕ್ಷಣಗಳು ಕಂಡವೆಂದು ತಾವಾಗಿಯೇ ಗೋಧಿಯನ್ನು ಬಿಡಬಾರದು. ಮೊದಲು ವೈದ್ಯರನ್ನು ಕಂಡು ಟಿ.ಟಿ.ಜಿ. ಎಂಬ ರಕ್ತಪರೀಕ್ಷೆಯನ್ನು ಮಾಡಿಸತಕ್ಕದ್ದು. ಅಗತ್ಯ ಬಿದ್ದರೆ ಎಂಡೋಸ್ಕೋಪಿಯ ಮೂಲಕ ಕರುಳಿನ ಚೂರನ್ನು ತೆಗೆದು ಪರೀಕ್ಷಿಸುತ್ತಾರೆ. ಈ ಪರೀಕ್ಷೆಗಳಲ್ಲಿ ನಿಜ ತಿಳಿಯಬೇಕಾದರೆ ಆ ಅವಧಿಯಲ್ಲಿ ರೋಗಿಯು ಗೋಧಿ ಉಣ್ಣುತ್ತಿರಬೇಕು. ಕೆಲವು ತಿಂಗಳು ಗೋಧಿ ಬಿಟ್ಟು ಬಂದವರಲ್ಲಿ ಕರುಳು ಚೇತರಿಸಿಕೊಂಡಿರುವುದರಿಂದ ಕಾಯಿಲೆಯಿದ್ದರೂ ಇಲ್ಲವೆಂದೇ ತೋರಬಹುದು. ಕಾಯಿಲೆ ಖಚಿತವಾದವರ ತಂದೆತಾಯಿ, ಒಡಹುಟ್ಟಿದವರು ಮತ್ತು ಮಕ್ಕಳಲ್ಲಿಯೂ ಇದು ಕಾಣಿಸುವ ಸಂಭವ ಹೆಚ್ಚು. ಅವರೂ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಇತ್ತೀಚೆಗೆ ತೂಕ ಇಳಿಸುವುದಕ್ಕೆಂದು, ಸಕ್ಕರೆ ಕಾಯಿಲೆಗೆಂದು ಗೋಧಿ ಬಿಡುವ ರೂಢಿ ಬೆಳೆಯುತ್ತಿದೆ. ಸೀಲಿಯಾಕ್ ಕಾಯಿಲೆಯಾಗಲಿ ಗೋಧಿಯ ಅಲರ್ಜಿ ಮೊದಲಾದ ಬೇರೆ ತೊಂದರೆಯಾಗಲಿ ಇಲ್ಲದವರು ಗ್ಲುಟೆನ್ನಿಗೆ ಹೆದರಬೇಕಾಗಿಲ್ಲ. ಗ್ಲುಟೆನ್ ರಹಿತವೆಂದು ಮಾರುವ ಬಿಸ್ಕತ್ತು, ಬ್ರೆಡ್ಡುಗಳಲ್ಲಿ ಪಿಷ್ಟ ಮತ್ತು ಸಕ್ಕರೆ ಹೇರಳವಾಗಿರಬಹುದು. ಅವು ಮಧುಮೇಹಿಗಳಿಗೆ ಹಿತವೆಂದು ಭಾವಿಸಕೂಡದು.

ಅಂಟು ಮಾಡುವ ಕೆಲಸ

ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದಾಗ ಗ್ಲುಟೆನ್ ಹಿಗ್ಗಬಲ್ಲ ಬಲೆಯಂತೆ ಹೆಣೆದುಕೊಳ್ಳುತ್ತದೆ. ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಸಕ್ಕರೆಯನ್ನು ತಿಂದು ಬಿಡುವ ಅನಿಲವು ಆ ಬಲೆಯಲ್ಲಿ ಸಿಕ್ಕಿಕೊಂಡು ಹಿಟ್ಟನ್ನು ಉಬ್ಬಿಸುತ್ತದೆ. ಒಲೆಯ ಶಾಖಕ್ಕೆ ಬಲೆ ಗಟ್ಟಿಯಾಗಿ ಬ್ರೆಡ್ಡು ಹಗುರವೂ ಮೆತ್ತಗೂ ಆಗುತ್ತದೆ. ಜೋಳ, ಸಜ್ಜೆ, ರಾಗಿ, ಅಕ್ಕಿ, ನವಣೆ, ಸಾಮೆಗಳಲ್ಲಿ ಈ ಬಲೆಯಿಲ್ಲ. ಅವುಗಳ ಹಿಟ್ಟನ್ನು ತಣ್ಣೀರಿನಲ್ಲಿ ಎಷ್ಟು ನಾದಿದರೂ ಹಿಗ್ಗದೆ ಬಿರಿಯುತ್ತದೆ.

ಹಾಗಾದರೆ ಜೋಳದ ರೊಟ್ಟಿ ಹರಿಯದೆ ಹೇಗೆ ನಿಲ್ಲುತ್ತದೆ? ಉತ್ತರ ಕರ್ನಾಟಕದ ತಾಯಂದಿರು ಇದನ್ನು ಬಲ್ಲರು. ಕುದಿಯುವ ಎಸರನ್ನು ಹಿಟ್ಟಿಗೆ ಹಾಕಿದಾಗ ಜಿಗುಟು ಬರುತ್ತದೆ. ಸುಮಾರು 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಜೋಳದ ಪಿಷ್ಟದ ಕಣಗಳು ನೀರನ್ನು ಹೀರಿ ಉಬ್ಬಿ ಗಂಜಿಯಾಗುವುದೇ ಇದಕ್ಕೆ ಕಾರಣ. ಆ ಗಂಜಿಯು ಉಳಿದ ಹಿಟ್ಟನ್ನು ಹಿಡಿದಿಡುತ್ತದೆ. ಅಂಟಿಲ್ಲದ ಬ್ರೆಡ್ಡಿನ ಮೊದಲ ಆಧಾರವೂ ಇದೇ ಎಸರು.

ರೊಟ್ಟಿ ತೆಳ್ಳಗಿರುವುದರಿಂದ ಅದಕ್ಕೆ ಗಂಜಿಯ ಹಿಡಿತ ಸಾಕು. ನಾಲ್ಕು ಬೆರಳು ಎತ್ತರಕ್ಕೆ ಉಬ್ಬಬೇಕಾದ ಬ್ರೆಡ್ಡಿಗೆ ಇನ್ನೊಂದು ಆಧಾರ ಬೇಕು. ಪಾಶ್ಚಾತ್ಯರು ಇದಕ್ಕಾಗಿ ಮೊಟ್ಟೆಯನ್ನು ಬಳಸುವುದುಂಟು. ಸಸ್ಯಾಹಾರಿಗಳಿಗೆ ಇಸಬ್ಗೋಲ್ ಆ ಕೆಲಸವನ್ನು ಮಾಡಿಕೊಡುತ್ತದೆ. ಮಲಬದ್ಧತೆಗೆಂದು ಔಷಧಿ ಅಂಗಡಿಗಳಲ್ಲಿ ದೊರೆಯುವ ಈ ಹೊಟ್ಟು ತನ್ನ ತೂಕದ ಅನೇಕ ಪಟ್ಟು ನೀರನ್ನು ಹೀರಿ ಲೋಳೆಯಾಗುತ್ತದೆ. ಆ ಲೋಳೆಯು ಹಿಟ್ಟಿಗೆ ಹಿಗ್ಗುವ ಗುಣವನ್ನು ಕೊಟ್ಟು, ಯೀಸ್ಟಿನ ಅನಿಲವನ್ನು ಹಿಡಿದಿಡುತ್ತದೆ. ಎಸರಿನ ಗಂಜಿ, ಇಸಬ್ಗೋಲಿನ ಲೋಳೆ ಇವೆರಡೂ ಕೂಡಿ ಗ್ಲುಟೆನ್ನಿನ ಸ್ಥಾನವನ್ನು ತುಂಬುತ್ತವೆ.

ಹಿಟ್ಟಿನ ಶುದ್ಧತೆ

ಬ್ರೆಡ್ಡು ಉಬ್ಬದೆ ಹೋದರೆ ಒಂದು ಹೊತ್ತಿನ ಶ್ರಮ ಮಾತ್ರ ವ್ಯರ್ಥ. ಹಿಟ್ಟಿನಲ್ಲಿ ಗೋಧಿ ಬೆರೆತಿದ್ದರೆ ಹಾಳಾಗುವುದು ಮಗುವಿನ ಕರುಳು. ಗೋಧಿ ಬ್ರೆಡ್ಡಿನ ಒಂದು ಸ್ಲೈಸಿನಲ್ಲಿ ಸುಮಾರು 2 ಗ್ರಾಂ ಗ್ಲುಟೆನ್ ಇರುತ್ತದೆ. ದಿನಕ್ಕೆ ಕೇವಲ 50 ಮಿಲಿಗ್ರಾಂ, ಅಂದರೆ ಆ ಸ್ಲೈಸಿನ ನಲವತ್ತನೆಯ ಒಂದು ಭಾಗದಷ್ಟು ಗ್ಲುಟೆನ್ ಮೂರು ತಿಂಗಳ ಕಾಲ ಹೊಟ್ಟೆಗೆ ಹೋದರೂ ಕರುಳಿಗೆ ಹಾನಿಯಾಗಬಲ್ಲುದೆಂದು ಸಂಶೋಧನೆಗಳು ತೋರಿಸಿವೆ. ಹೊರಗೆ ಯಾವ ಲಕ್ಷಣ ಕಾಣದಿದ್ದಾಗಲೂ ಒಳಗೆ ಹಾನಿ ನಡೆದಿರಬಹುದು.

ಆದುದರಿಂದ ಮೊದಲ ಎಚ್ಚರವು ಗಿರಣಿಯಲ್ಲಿರಬೇಕು. ಊರಿನ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲಿಯೇ ಜೋಳವನ್ನೂ ಬೀಸುತ್ತಾರೆ. ಕಲ್ಲಿನ ಸಂದು, ಹಿಟ್ಟು ಬೀಳುವ ಚೀಲ, ತೂಗುವ ತಕ್ಕಡಿ ಎಲ್ಲೆಲ್ಲಿಯೂ ಗೋಧಿ ಹಿಟ್ಟು ಉಳಿದಿರುತ್ತದೆ. ಮೊದಲು ಬೇರೆಯವರ ಜೋಳವನ್ನು ಬೀಸಿದ ಮೇಲೆ ನಮ್ಮದನ್ನು ಹಾಕಿಸಿದರೂ ಪೂರ್ಣ ಭರವಸೆಯಿಲ್ಲ. ಇಡೀ ಜೋಳವನ್ನು ತಂದು, ಮರದಲ್ಲಿ ಕೇರಿ, ಹಸನು ಮಾಡಿ, ತೊಳೆದು ಒಣಗಿಸಿ ಮನೆಯಲ್ಲಿಯೇ ಬೀಸಿಕೊಳ್ಳುವುದು ಸುರಕ್ಷಿತ. ಜೋಳದ ಕಾಳು ದುಂಡಗೆ, ಗೋಧಿಯ ಕಾಳು ನೀಳವಾಗಿ ನಡುವೆ ಸೀಳಿದಂತೆ ಇರುವುದರಿಂದ ಬೆರಕೆಯನ್ನು ಆರಿಸಿ ತೆಗೆಯುವುದು ಕಷ್ಟವಲ್ಲ. ಮನೆಬಳಕೆಯ ಚಿಕ್ಕ ಗಿರಣಿಯಿದ್ದರೆ ಅದನ್ನು ಅಂಟಿಲ್ಲದ ಧಾನ್ಯಗಳಿಗೆಂದೇ ಮೀಸಲಿಡಬೇಕು. ಹೊಸ ಮಿಕ್ಸರ್ ಜಾರಿನಲ್ಲಿ ಸ್ವಲ್ಪ ಸ್ವಲ್ಪವೇ ಪುಡಿ ಮಾಡಿ ಹೊಸ ಜರಡಿಯಲ್ಲಿ ಸಾಣಿಸಿಕೊಂಡರೂ ಆದೀತು.

ಕೊಂಡು ತರುವ ಹಿಟ್ಟಾದರೆ ಪೊಟ್ಟಣದ ಮೇಲೆ ಗ್ಲುಟೆನ್ ರಹಿತವೆಂಬ ಮುದ್ರೆಯಿರಬೇಕು. ಒಂದು ಕಿಲೋಗ್ರಾಮಿಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇಲ್ಲದ ಪದಾರ್ಥಕ್ಕೆ ಮಾತ್ರ ಹಾಗೆ ಬರೆಯಲು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮವು ಅವಕಾಶ ಕೊಡುತ್ತದೆ.

ಗೋಧಿಯು ಬೇರೆ ಹೆಸರುಗಳಲ್ಲಿಯೂ ಅಡುಗೆಮನೆಯನ್ನು ಹೊಗುತ್ತದೆ. ಮೈದಾ, ರವೆ, ಶಾವಿಗೆ, ಮಾದಲಿ ಇವೆಲ್ಲ ಗೋಧಿಯೇ. ಕಪಲಿ, ಸದಕ, ಜವೆ ಎಂದು ಕರೆಯುವ ನಾಟಿ ಗೋಧಿಗಳು ಆರೋಗ್ಯಕ್ಕೆ ಒಳ್ಳೆಯವೆಂಬ ಮಾತಿದ್ದರೂ ಅವುಗಳಲ್ಲಿಯೂ ಗ್ಲುಟೆನ್ ಇದ್ದೇ ಇದೆ. ಬಾರ್ಲಿ ಮತ್ತು ಅದರ ಮಾಲ್ಟ್ ಸೇರಿದ ಪಾನೀಯಗಳು ನಿಷಿದ್ಧ. ಅಂಗಡಿಯ ಕೂಡಿಸಿದ ಇಂಗಿನಲ್ಲಿ ಗೋಧಿ ಹಿಟ್ಟು ಅಥವಾ ಮೈದಾ ಸೇರಿರುವುದುಂಟು. ಖಾನಾವಳಿಗಳ ಜೋಳದ ರೊಟ್ಟಿಗೂ ಸುಲಭವಾಗಿ ತಟ್ಟಲು ಬರಲೆಂದು ಗೋಧಿ ಹಿಟ್ಟು ಬೆರೆಸುವವರಿದ್ದಾರೆ. ಕೇಳಿ ತಿಳಿದೇ ಉಣ್ಣಬೇಕು.

ಬೇಕಾಗುವ ಸಾಮಗ್ರಿಗಳು

8 ಇಂಚು ಉದ್ದ, 4 ಇಂಚು ಅಗಲದ ಒಂದು ಅಚ್ಚಿನ ಬ್ರೆಡ್ಡಿಗೆ ಈ ಅಳತೆ. ಲೋಟದ ಅಳತೆಯು ಮನೆಯಿಂದ ಮನೆಗೆ ಬೇರೆಯಾಗುವುದರಿಂದ ಚಿಕ್ಕ ತಕ್ಕಡಿಯಲ್ಲಿ ತೂಗಿಕೊಳ್ಳುವುದು ಉತ್ತಮ.

ಬಿಳಿಜೋಳದ ನುಣ್ಣನೆಯ ಹಿಟ್ಟು: 150 ಗ್ರಾಂ
ಅಕ್ಕಿ ಹಿಟ್ಟು: 50 ಗ್ರಾಂ
ಮರಗೆಣಸಿನ ಅಥವಾ ಆಲೂಗಡ್ಡೆಯ ಪಿಷ್ಟ (ದೊರೆಯದಿದ್ದರೆ ಕಾರ್ನ್‌ಫ್ಲೋರ್): 150 ಗ್ರಾಂ
ಇಸಬ್ಗೋಲ್ ಹೊಟ್ಟು (ಸಕ್ಕರೆ, ಸುವಾಸನೆ ಸೇರಿಸದಿರುವುದು): 20 ಗ್ರಾಂ
ಒಣ ಯೀಸ್ಟ್: 6 ಗ್ರಾಂ
ಸಕ್ಕರೆ: 15 ಗ್ರಾಂ
ಉಪ್ಪು: 6 ಗ್ರಾಂ
ಎಣ್ಣೆ: 20 ಮಿ.ಲೀ.
ನಿಂಬೆರಸ: 2 ಟೀ ಚಮಚ
ನೀರು: ಒಟ್ಟು 420 ಮಿ.ಲೀ.

ಪಿಷ್ಟ, ಯೀಸ್ಟ್, ಅಕ್ಕಿ ಹಿಟ್ಟುಗಳ ಪೊಟ್ಟಣಗಳನ್ನೂ ಓದಿ ನೋಡಿ ಕೊಳ್ಳಬೇಕು. ಅಚ್ಚು ಹೊಸದಾಗಿರಲಿ, ಹಳೆಯ ಅಚ್ಚಿನ ಮೂಲೆಗಳಲ್ಲಿ ಗೋಧಿಯ ಕಣಗಳು ಅಂಟಿಕೊಂಡಿರುತ್ತವೆ.

ತಯಾರಿಸುವ ವಿಧಾನ

1. 150 ಮಿ.ಲೀ. ನೀರನ್ನು ಕುದಿಸಿ ಒಲೆ ಆರಿಸಿರಿ. 50 ಗ್ರಾಂ ಜೋಳದ ಹಿಟ್ಟನ್ನು ಹಾಕಿ ಗಂಟಾಗದಂತೆ ಬೇಗ ಬೇಗನೆ ತಿರುವಿ, ಮುಚ್ಚಿಡಿರಿ. ಉಗುರುಬೆಚ್ಚಗಾಗುವವರೆಗೆ ಆರಲಿ. ಬಿಸಿಯಿರುವಾಗಲೇ ಬೆರೆಸಿದರೆ ಯೀಸ್ಟ್ ಸತ್ತುಹೋಗುತ್ತದೆ.

2. ಇನ್ನೊಂದು ಪಾತ್ರೆಯಲ್ಲಿ 200 ಮಿ.ಲೀ. ನೀರಿಗೆ ಇಸಬ್ಗೋಲನ್ನು ಉದುರಿಸುತ್ತ ಕಲಕಿರಿ. ಐದು ನಿಮಿಷಗಳಲ್ಲಿ ಗಟ್ಟಿ ಲೋಳೆಯಾಗುತ್ತದೆ.

3. 70 ಮಿ.ಲೀ. ಉಗುರುಬೆಚ್ಚಗಿನ ನೀರಿನಲ್ಲಿ ಸಕ್ಕರೆ ಮತ್ತು ಯೀಸ್ಟ್ ಹಾಕಿ ಹತ್ತು ನಿಮಿಷ ಬಿಡಿರಿ. ಮೇಲೆ ನೊರೆ ಕಟ್ಟಬೇಕು. ನೊರೆ ಬಾರದಿದ್ದರೆ ಆ ಯೀಸ್ಟ್ ಹಳೆಯದು, ಹೊಸದನ್ನು ತರಬೇಕು.

4. ಉಳಿದ 100 ಗ್ರಾಂ ಜೋಳದ ಹಿಟ್ಟು, ಅಕ್ಕಿ ಹಿಟ್ಟು, ಪಿಷ್ಟ, ಉಪ್ಪುಗಳನ್ನು ಪರಾತದಲ್ಲಿ ಬೆರೆಸಿ, ಮೇಲಿನ ಮೂರನ್ನೂ ಎಣ್ಣೆ, ನಿಂಬೆರಸಗಳೊಡನೆ ಕೂಡಿಸಿರಿ. ಇಸಬ್ಗೋಲಿನ ಗಂಟುಗಳು ಉಳಿಯದಂತೆ ಐದಾರು ನಿಮಿಷ ಮಿದಿಯಿರಿ. ಹಿಟ್ಟು ರೊಟ್ಟಿಯ ಹಿಟ್ಟಿಗಿಂತ ಮೆತ್ತಗೆ, ಕೈಗೆ ತುಸು ಅಂಟುವಂತಿರಬೇಕು. ಬಿಗಿಯೆನಿಸಿದರೆ ಒಂದೆರಡು ಚಮಚ ನೀರು ಸೇರಿಸಬಹುದು. ಅಂಟಿನ ಬಲೆಯನ್ನು ಹೆಣೆಯಬೇಕಾಗಿಲ್ಲವಾದ್ದರಿಂದ ಹೆಚ್ಚು ಹೊತ್ತು ನಾದುವ ಅಗತ್ಯವಿಲ್ಲ.

5. ಅಚ್ಚಿಗೆ ಎಣ್ಣೆ ಸವರಿ, ಒದ್ದೆ ಕೈಯಿಂದ ಹಿಟ್ಟನ್ನು ಸಮನಾಗಿ ಒತ್ತಿ, ಒದ್ದೆ ಬಟ್ಟೆ ಮುಚ್ಚಿ ಬೆಚ್ಚಗಿನ ಜಾಗದಲ್ಲಿಡಿರಿ. 45ರಿಂದ 60 ನಿಮಿಷಗಳಲ್ಲಿ ಒಂದೂವರೆ ಪಟ್ಟು ಉಬ್ಬುತ್ತದೆ. ಅದಕ್ಕಿಂತ ಹೆಚ್ಚು ಉಬ್ಬಲು ಬಿಡಬಾರದು.

6. ಓವನ್ನನ್ನು 15 ನಿಮಿಷ ಮೊದಲೇ 200 ಡಿಗ್ರಿಗೆ ಕಾಯಿಸಿ, 55ರಿಂದ 60 ನಿಮಿಷ ಬೇಯಿಸಿರಿ. ಮೇಲ್ಭಾಗ ಬೇಗ ಕೆಂಪಾದರೆ ಅಲ್ಯೂಮಿನಿಯಂ ಹಾಳೆಯನ್ನು ಮುಚ್ಚಿರಿ. ಅಚ್ಚಿನಿಂದ ತೆಗೆದು ತಳವನ್ನು ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬೆಂದಿದೆಯೆಂದು ತಿಳಿಯಬೇಕು.

7. ಗಾಳಿಯಾಡುವಂತೆ ಜಾಲರಿಯ ಮೇಲಿಟ್ಟು, ಕನಿಷ್ಠ ಎರಡು ಗಂಟೆ ಆರಲು ಬಿಡಿರಿ. ಪಿಷ್ಟವು ಗಟ್ಟಿಯಾಗುವುದು ಆರುವಾಗಲೇ. ಬಿಸಿಯಲ್ಲಿ ಕೊಯ್ದರೆ ಒಳಗೆಲ್ಲ ಮುದ್ದೆಯಾಗಿ ಕಾಣುತ್ತದೆ.

ಕೆಡುವ ಕಾರಣಗಳು

ನಡುವೆ ಹಸಿಹಸಿಯಾಗಿದ್ದರೆ ನೀರು ಹೆಚ್ಚಾಗಿದೆ, ಇಲ್ಲವೇ ಬೇಯುವುದು ಸಾಲದಾಗಿದೆ. ಪುಡಿಪುಡಿಯಾಗಿ ಉದುರಿದರೆ ಇಸಬ್ಗೋಲ್ ಕಡಿಮೆಯಾಗಿದೆ, ಅಥವಾ ಎಸರಿನಲ್ಲಿ ಹಿಟ್ಟು ಸರಿಯಾಗಿ ಬೇಯದೆ ಗಂಜಿ ಕೂಡಿಲ್ಲ. ಉಬ್ಬಿ ನಡುವೆ ಕುಸಿದಿದ್ದರೆ ಹಿಟ್ಟು ಅತಿಯಾಗಿ ಉಬ್ಬುವವರೆಗೆ ಕಾದಿದ್ದೀರಿ ಎಂದರ್ಥ. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಕಹಿಯೂ ಬರುತ್ತದೆ. ಆಗಾಗ ಬೇಕಾದಷ್ಟೇ ಬೀಸಿಕೊಳ್ಳುವುದು ಲೇಸು. ಈ ಬ್ರೆಡ್ಡು ಎರಡನೆಯ ದಿನಕ್ಕೆ ಬಿರುಸಾಗುತ್ತದೆ. ಆರಿದ ಕೂಡಲೇ ಸ್ಲೈಸು ಮಾಡಿ ಫ್ರೀಜರಿನಲ್ಲಿಟ್ಟು, ಬೇಕಾದಾಗ ಹಂಚಿನ ಮೇಲೆ ಬಿಸಿ ಮಾಡಿಕೊಳ್ಳಬಹುದು. ಆ ಹಂಚೂ ಗೋಧಿ ಚಪಾತಿ ಬೇಯಿಸುವ ಹಂಚಾಗಿರಬಾರದು.

ರೊಟ್ಟಿಯೋ ಬ್ರೆಡ್ಡೋ?

ನಿತ್ಯದ ಊಟಕ್ಕೆ ಬ್ರೆಡ್ಡು ಬೇಕಿಲ್ಲ. ಓವನ್ ಇಲ್ಲದ ಮನೆಯವರು ಚಿಂತಿಸಬೇಕಾಗಿಯೂ ಇಲ್ಲ. ಶುದ್ಧ ಹಿಟ್ಟಿನ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ರಾಗಿ ಮುದ್ದೆ, ಅನ್ನ, ನವಣೆ, ಬೇಳೆಕಾಳುಗಳು, ಸೊಪ್ಪು, ಹಾಲು, ಮಜ್ಜಿಗೆ ಇವೆಲ್ಲ ಸೀಲಿಯಾಕ್ ರೋಗಿಗೆ ಯೋಗ್ಯವಾದ ಆಹಾರವೇ. ಕರುಳು ಚೇತರಿಸಿಕೊಳ್ಳುವ ಕಾಲದಲ್ಲಿ ಕಬ್ಬಿಣ, ಸುಣ್ಣದ ಅಂಶ, ನಾರು ಹೆಚ್ಚು ಬೇಕಾಗುವುದರಿಂದ ಪಿಷ್ಟ ತುಂಬಿದ ಬ್ರೆಡ್ಡಿಗಿಂತ ರೊಟ್ಟಿ, ಕಾಳುಪಲ್ಯಗಳೇ ಮೇಲು. ಆದರೆ ಶಾಲೆಯಲ್ಲಿ ಒಡನಾಡಿಗಳು ಬ್ರೆಡ್ಡು ತಿನ್ನುವಾಗ ತನಗೆ ಮಾತ್ರ ಇಲ್ಲವೆಂದು ಮಗು ಕೊರಗುವುದುಂಟು. ಹಾಗೆ ಕೊರಗಿದ ಮಗು ಕದ್ದು ತಿನ್ನುವುದೂ ಉಂಟು. ವಾರಕ್ಕೊಮ್ಮೆ ಮನೆಯಲ್ಲಿ ತಯಾರಿಸಿದ ಬ್ರೆಡ್ಡು ಆ ಕೊರತೆಯನ್ನು ನೀಗಿಸುತ್ತದೆ.

ಪಂಕ್ತಿಯಲ್ಲಿ ವಹಿಸಬೇಕಾದ ಎಚ್ಚರ

ಮನೆಯಲ್ಲಿ ಪಾಲಿಸಿದ ಪಥ್ಯವು ಹೊರಗಿನ ಊಟದಲ್ಲಿ ತಪ್ಪುವ ಸಂಭವ ಹೆಚ್ಚು. ಜಾತ್ರೆಯಲ್ಲಿ, ಮದುವೆಯಲ್ಲಿ, ದಾಸೋಹದ ಪಂಕ್ತಿಯಲ್ಲಿ ಗೋಧಿ ಹುಗ್ಗಿ, ಮಾದಲಿ, ಸಜ್ಜಕ ಬಡಿಸುವುದು ನಮ್ಮ ಭಾಗದ ವಾಡಿಕೆ. ಪ್ರಸಾದವನ್ನು ಬೇಡವೆನ್ನುವುದು ಹೇಗೆಂದು ತಾಯಿತಂದೆಯರು ಅಳುಕುತ್ತಾರೆ. ಒಂದು ಚಿಟಿಕೆಯಿಂದ ಏನಾದೀತೆಂದು ಹಿರಿಯರು ಪ್ರೀತಿಯಿಂದಲೇ ಒತ್ತಾಯ ಮಾಡುತ್ತಾರೆ. ಆ ಒಂದು ಚಿಟಿಕೆಯೂ ಹಾನಿಕರವೆಂಬುದನ್ನು ಮೇಲೆ ಕಂಡಿದ್ದೇವೆ. ಇದರಲ್ಲಿ ಅಳುಕಬೇಕಾದುದೇನೂ ಇಲ್ಲ. ಬಡಿಸುವವರಿಗೆ ಮುಂಚಿತವಾಗಿ ತಿಳಿಸಿದರೆ ಹುಗ್ಗಿಯ ಸೌಟು ತಾಗದ ಅನ್ನವನ್ನು ಬೇರೆಯಾಗಿ ತೆಗೆದಿಟ್ಟು ನೀಡಬಲ್ಲರು; ಸಾರು, ಪಲ್ಯಗಳಿಗೆ ಕೂಡಿಸಿದ ಇಂಗು ಹಾಕಿದೆಯೇ ಎಂಬುದನ್ನೂ ಹೇಳಬಲ್ಲರು. ಶಾಲೆಯ ಗುರುಗಳಿಗೂ ಬಿಸಿಯೂಟ ಬಡಿಸುವವರಿಗೂ ಇದೇ ರೀತಿ ತಿಳಿಸಿಡಬೇಕು. ಹಿರಿಯರು ಮಗುವಿಗೆ ಒತ್ತಾಯ ಮಾಡಿ ಉಣಿಸುವ ಬದಲು, ಬೇಡವೆನ್ನುವ ಧೈರ್ಯವನ್ನು ಕಲಿಸಿಕೊಡಲಿ.

ಗೋಧಿಯನ್ನು ಬಿಟ್ಟ ಕೆಲವೇ ವಾರಗಳಲ್ಲಿ ಬಹುತೇಕ ಮಕ್ಕಳಿಗೆ ಹಸಿವು ಹೆಚ್ಚುತ್ತದೆ, ಮೈತುಂಬತೊಡಗುತ್ತದೆ. ಕರುಳಿನ ಚಾಚುಗಳು ಮತ್ತೆ ಚಿಗುರಲು ತಿಂಗಳುಗಳೇ ಬೇಕು. ದೊಡ್ಡವರಲ್ಲಿ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಗುಣವಾಯಿತೆಂದು ಪಥ್ಯವನ್ನು ಸಡಿಲಿಸದೆ, ವೈದ್ಯರು ಹೇಳಿದ ಅವಧಿಗೆ ರಕ್ತಪರೀಕ್ಷೆಯನ್ನು ಮತ್ತೆ ಮಾಡಿಸುತ್ತಿರಬೇಕು. ಮನೆಯ ಒಬ್ಬರಿಗಾಗಿ ಒಂದು ಹಂಚು, ಒಂದು ಜರಡಿ, ಒಂದು ಹಿಟ್ಟಿನ ಡಬ್ಬಿ ಮೀಸಲಿಡುವುದು ಸಣ್ಣ ಕೆಲಸವೆಂದು ತೋರಬಹುದು. ಅವರ ಆರೋಗ್ಯವು ಆ ಮೂರು ವಸ್ತುಗಳ ಶುದ್ಧತೆಯಲ್ಲಿಯೇ ನಿಂತಿದೆಯೆಂಬುದನ್ನು ಮನೆಮಂದಿಯೆಲ್ಲ ಅರಿತು ನಡೆಯಬೇಕು.